ಒಳಗಿನದನ್ನು ಯಾರು ನೋಡುತ್ತಾರೆ?

"ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎಂದು ಹಿರಿಯರು ಹೇಳಿದ್ದಾರೆ. ಊಟದ ಮಾತಿರಲಿ, ಮನೆಮಂದಿಯ ಇಚ್ಛೆಗೆ ಬೇಯಿಸಿ ಉಳಿದದ್ದನ್ನು ಬಡಿಸಿಕೊಳ್ಳುವ ಹೆಂಗಸಿಗೆ ಅದು ಎಂದೂ ಪೂರ್ತಿ ತನ್ನಿಚ್ಛೆ ಆಗಿರಲಿಲ್ಲ. ನೋಟ ಮಾತ್ರ ನಿಶ್ಚಯವಾಗಿ ಪರರಿಚ್ಛೆಯೇ. ಸೀರೆ ಮದುವೆಮನೆಯವರ ಕಣ್ಣಿಗೆ, ಚೂಡಿದಾರ ಆಫೀಸಿನವರ ಕಣ್ಣಿಗೆ. ಹಾಗಾದರೆ ಯಾರ ಕಣ್ಣಿಗೂ ಬೀಳದೆ, ಬೆಳಗಿನಿಂದ ರಾತ್ರಿಯವರೆಗೆ ನಮ್ಮ ಮೈಗೆ ಅಂಟಿಕೊಂಡೇ ಇರುವ ಬಟ್ಟೆ ಯಾರ ಇಚ್ಛೆಯದು? ಗಾದೆ ಕಟ್ಟಿದವರು ಅದರ ಸುದ್ದಿಗೆ ಹೋಗಲಿಲ್ಲ. ನಾವಂತೂ ಅದಕ್ಕೆ ಒಂದು ಸಿದ್ಧ ಉತ್ತರ ಇಟ್ಟುಕೊಂಡಿದ್ದೇವೆ: "ಒಳಗೆ ಹಾಕುವುದಲ್ಲವಾ, ಯಾರು ನೋಡುತ್ತಾರೆ?" ಈ ಒಂದು ಮಾತಿನ ಮೇಲೆ ದೊಡ್ಡ ವ್ಯಾಪಾರವೇ ನಿಂತಿದೆ. ನನ್ನ ಜಗಳ ಆ ಮಾತಿನೊಂದಿಗೆ.

ಜುಲೈ ಮಧ್ಯದಲ್ಲಿ ತುಳುನಾಡಿಗೆ ಆಟಿ ತಿಂಗಳು ಕಾಲಿಡುತ್ತದೆ. ಮದುವೆಯಿಲ್ಲ, ಮುಂಜಿಯಿಲ್ಲ, ಜಡಿಮಳೆ ಬೇರೆ. ಬಟ್ಟೆ ಅಂಗಡಿಗಳಲ್ಲಿ ಗಿರಾಕಿಗಳಿಲ್ಲದೆ ನೊಣ ಹೊಡೆಯಬಾರದೆಂದು ಆಟಿ ಸೇಲ್, ಆಷಾಢ ಸೇಲ್ ಎಂಬ ಫಲಕಗಳು ಮೇಲೇರುತ್ತವೆ. ಹಂಪನಕಟ್ಟೆಯಿಂದ ರಥಬೀದಿಯವರೆಗೆ ಕೊಡೆ ಹಿಡಿದು ಒಮ್ಮೆ ನಡೆದು ನೋಡಿ. ಅಂಗಡಿಯ ಒಳಗೆ ಸೀರೆಗೆ ಹಾಸಿದ ಬಿಳಿ ಹಾಸು, ಮುಂದೆ ಕುರ್ಚಿ, ಕೆಲವು ಕಡೆ ಚಹಾ ಕೂಡ. ಹತ್ತು ಸೀರೆ ಬಿಡಿಸಿ ಹನ್ನೊಂದನೆಯದನ್ನು ತೆಗೆಸಿ, ಸೆರಗು ಹೆಗಲಿಗೆ ಹಾಕಿ ಕನ್ನಡಿಯ ಮುಂದೆ ನಿಂತು, ಕೊನೆಗೆ "ಇನ್ನೊಮ್ಮೆ ಬರುತ್ತೇವೆ" ಎಂದು ಎದ್ದು ಬರಲು ನಮಗೆ ಎಳ್ಳಷ್ಟೂ ಸಂಕೋಚವಿಲ್ಲ. ಅದೇ ಅಂಗಡಿಯ ಮೆಟ್ಟಿಲಿನ ಅಡಿಯಲ್ಲೋ ಮೂಲೆಯಲ್ಲೋ ಒಂದು ದೊಡ್ಡ ಪೆಟ್ಟಿಗೆ ಇರುತ್ತದೆ. ಅದರಲ್ಲಿ ಬ್ರಾ, ಚಡ್ಡಿಗಳೆಲ್ಲ ಕಲಸುಮೇಲೋಗರ. ಮೇಲೆ ರಟ್ಟಿನ ತುಂಡಿನಲ್ಲಿ ಒಂದೇ ಬೆಲೆ. ಅಲ್ಲಿ ಕುರ್ಚಿಯಿಲ್ಲ, ಕನ್ನಡಿಯಿಲ್ಲ. ಹಿಂದೆ ಮುಂದೆ ನೋಡಿ, ಗುರುತಿನವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕೈಗೆ ಸಿಕ್ಕಿದ ನಾಲ್ಕನ್ನು ಎತ್ತಿ, ಕಪ್ಪು ತೊಟ್ಟೆಗೆ ಹಾಕಿಸಿ ಹೊರಟರೆ ಆಯಿತು. ಸೀರೆಗೆ ಒಂದು ಗಂಟೆ, ಇದಕ್ಕೆ ಒಂದು ನಿಮಿಷ!

ಕಾಲ ಬದಲಾಗಿದೆ ಎನ್ನುವಿರಾ? ಬದಲಾಗಿದೆ, ಒಪ್ಪಿದೆ. ಕೆ.ಎಸ್. ರಾವ್ ರಸ್ತೆಯ, ಪಾಂಡೇಶ್ವರದ ಮಾಲ್‌ಗಳಲ್ಲಿ ಈಗ ದೊಡ್ಡ ಹೆಸರಿನ ಒಳಉಡುಪುಗಳೂ ಗಾಜಿನ ಹಿಂದೆ ದೀಪದಡಿ ತೂಗುತ್ತವೆ. ವರ್ಷಕ್ಕೆ ಎರಡು ಸಲ, ಋತು ಮುಗಿಯುವ ಹೊತ್ತಿಗೆ, ಅವಕ್ಕೂ ಅರ್ಧ ಬೆಲೆ. ಲೇಸು, ಸ್ಯಾಟಿನ್ನು, ಡಿಸೈನರ್ ಎಂಬ ಬಿರುದು. ನ್ಯೂಯಾರ್ಕ್‌ನಂಥ ನಗರಗಳಲ್ಲಿ ಇದಕ್ಕೆಂದೇ ಸ್ಯಾಂಪಲ್ ಸೇಲ್ ಎಂಬ ಸಂಪ್ರದಾಯವಿದೆ. ಹೊಸ ವಿನ್ಯಾಸವನ್ನು ವ್ಯಾಪಾರಿಗಳಿಗೆ ತೋರಿಸಲು ಹೊಲಿದ ಮಾದರಿಗಳನ್ನೂ ಉಳಿದ ಸರಕನ್ನೂ ಕಂಪೆನಿಯವರು ಒಂದೆರಡು ದಿನ ಅಗ್ಗಕ್ಕೆ ಮಾರುತ್ತಾರೆ. ಹೆಂಗಸರು ಸಾಲು ನಿಂತು ಕೊಳ್ಳುತ್ತಾರೆ. ಒಂದು ವಿಷಯ ಗಮನಿಸಿ. ಆ ಮಾದರಿಗಳನ್ನು ಹೊಲಿಯುವುದು ಸಾಮಾನ್ಯವಾಗಿ ಒಂದೇ ಅಳತೆಗೆ, ರೂಪದರ್ಶಿಯೊಬ್ಬಳ ಮೈಗೆ. ಆ ಒಂದು ಮೈ ನಿಮ್ಮದಾಗಿದ್ದರೆ ನಿಮ್ಮ ಪುಣ್ಯ. ನಮ್ಮ ಮಾಲ್‌ನ ಋತುಮುಕ್ತಾಯದ ಕಥೆಯೂ ಹೆಚ್ಚು ಬೇರೆಯಲ್ಲ. ಹೆಚ್ಚು ಜನಕ್ಕೆ ಹೊಂದುವ ಅಳತೆಗಳು ಮೊದಲ ವಾರದಲ್ಲೇ ಖಾಲಿ. ಆಮೇಲೆ ಹೋದವರಿಗೆ ತೀರ ಚಿಕ್ಕದು, ತೀರ ದೊಡ್ಡದು, ಯಾರಿಗೂ ಬೇಡವಾದ ಬಣ್ಣ. ಆದರೂ ಬರಿಗೈಯಲ್ಲಿ ಬರಲು ಮನಸ್ಸಾಗುವುದಿಲ್ಲ. "ಅರ್ಧಕ್ಕೆ ಸಿಕ್ಕಿತಲ್ಲ, ಹಾಕಿ ಹಾಕಿ ಸಡಿಲವಾಗುತ್ತದೆ" ಎಂದು ನಮ್ಮನ್ನು ನಾವೇ ಸಮಾಧಾನಪಡಿಸುತ್ತೇವೆ. ಅಗ್ಗವೆಂದು ಮುಗ್ಗಿದ ಜೋಳ ಕೊಂಡ ಹಾಗೆ.

ಅರ್ಧ ಎಂದರೆ ಯಾವುದರ ಅರ್ಧ? ಕೇಳಿದ್ದೀರಾ? ಚೀಟಿಯ ಮೇಲೆ ಅಚ್ಚಾದ ಗರಿಷ್ಠ ಮಾರಾಟ ಬೆಲೆಯ ಅರ್ಧ. ಅದಕ್ಕಿಂತ ಹೆಚ್ಚಿಗೆ ಮಾರಬಾರದೆಂದು ಕಾನೂನಿದೆ, ಸರಿ. ಆದರೆ ಬ್ರಾ ಒಂದಕ್ಕೆ ಅಲ್ಲಿ ಎಷ್ಟು ಎಂದು ಅಚ್ಚು ಹಾಕಿಸಬೇಕೆಂದು ತೀರ್ಮಾನಿಸುವವರು ತಯಾರಕರೇ. ಎರಡರಷ್ಟು ಬರೆದು ಅರ್ಧಕ್ಕೆ ಕೊಟ್ಟರೆ ಯಾರು ಯಾರಿಗೆ ಉಪಕಾರ ಮಾಡಿದಂತಾಯಿತು? ತೆಂಗಿನಕಾಯಿಗೆ ಎರಡು ರೂಪಾಯಿ ಹೆಚ್ಚು ಹೇಳಿದವನ ಜೊತೆ ಕಾಲು ಗಂಟೆ ಚರ್ಚೆ ಮಾಡುವ ನಾವು ಇಲ್ಲಿ ಕೆಂಪು ಶಾಯಿಯ ಶೇಕಡಾ ಗುರುತು ಕಂಡು ಕರಗಿಬಿಡುತ್ತೇವೆ.

ಈಗ ಅಳತೆಯ ವಿಷಯಕ್ಕೆ ಬರೋಣ. ಜಗಳದ ಮೂಲ ಅಲ್ಲೇ ಇದೆ. ರವಿಕೆ ಹೊಲಿಸಲು ಹೋದರೆ ದರ್ಜಿಯಿಂದ ತೋಳು, ಕುತ್ತಿಗೆ, ಸೊಂಟವನ್ನೆಲ್ಲ ಅಳೆಸಿಕೊಂಡು, ಕಾಲು ಇಂಚು ಹೆಚ್ಚುಕಡಿಮೆಯಾದರೂ ಬಿಚ್ಚಿಸಿ ಹೊಲಿಸುತ್ತೇವೆ. ಬ್ರಾದ ಅಳತೆ ಎಷ್ಟೆಂದು ಕೇಳಿದರೆ, ಮದುವೆಗೆ ಮುಂಚೆ ಅಮ್ಮ ತಂದುಕೊಟ್ಟದ್ದರ ಸಂಖ್ಯೆಯನ್ನೇ ಎರಡು ಹೆರಿಗೆಯಾದ ಮೇಲೂ ಹೇಳುವವರಿದ್ದಾರೆ. ಆ ಸಂಖ್ಯೆಗೂ ಅದರ ಪಕ್ಕದ ಅಕ್ಷರಕ್ಕೂ ಅರ್ಥವಿದೆ, ಸೋದರಿಯರೇ. ಎದೆಯ ಕೆಳಗಿನ ಸುತ್ತಳತೆಯಿಂದ ಸಂಖ್ಯೆ ಬರುತ್ತದೆ. ಎದೆಯ ತುಂಬಿದ ಭಾಗದ ಸುತ್ತಳತೆ ಅದಕ್ಕಿಂತ ಎಷ್ಟು ಹೆಚ್ಚು ಎಂಬುದರಿಂದ ಅಕ್ಷರ. ಸಾಮಾನ್ಯ ಲೆಕ್ಕದಲ್ಲಿ 1 ಇಂಚು ಹೆಚ್ಚಾದರೆ ಎ, 2 ಆದರೆ ಬಿ, 3 ಆದರೆ ಸಿ, 4 ಆದರೆ ಡಿ. ಕಂಪೆನಿಯಿಂದ ಕಂಪೆನಿಗೆ ಲೆಕ್ಕ ತುಸು ಬೇರೆಯಾಗುತ್ತದೆ. ಆದ್ದರಿಂದಲೇ ಹಾಕಿ ನೋಡದೆ ಕೊಳ್ಳಬಾರದು. ಭಾರ ಹೊರಬೇಕಾದದ್ದು ಕೆಳಗಿನ ಸುತ್ತುಪಟ್ಟಿ. ಅದು ಸಡಿಲವಾದರೆ ಭಾರವೆಲ್ಲ ಭುಜದ ಪಟ್ಟಿಗೆ ಬೀಳುತ್ತದೆ. ಸಂಜೆ ಹೆಗಲಲ್ಲಿ ಕೆಂಪು ಗೆರೆ, ಕುತ್ತಿಗೆ ನೋವು. ಬಿಗಿಯಾದರೆ ಉಸಿರು ಕಟ್ಟಿದ ಹಾಗೆ, ಚರ್ಮದ ಮೇಲೆ ಗಾಯ. ಆಗಲೂ ನಾವು ಬಟ್ಟೆಯನ್ನು ದೂರುವುದಿಲ್ಲ. "ನಾನು ದಪ್ಪ ಆಗಿಬಿಟ್ಟೆ" ಎಂದು ನಮ್ಮ ಮೈಯನ್ನೇ ದೂರುತ್ತೇವೆ.

ನಗರದ ಒಂದು ಅಂಗಡಿಯಲ್ಲಿ, ಹೆಸರು ಬೇಡ, ಅಳತೆ ಟೇಪು ಇದೆಯೇ ಎಂದು ನಾನು ಕೇಳಿದಾಗ, ಕಪಾಟಿನ ಮೇಲೇರಿ ನಿಂತಿದ್ದ ಹುಡುಗ ಅಲ್ಲಿಂದಲೇ ಹೇಳಿದ: "ಟೇಪು ಎಂತಕ್ಕೆ ಅಕ್ಕ? ನಮಗೆ ನೋಡಿದರೇ ಗೊತ್ತಾಗ್ತದೆ." ಹುಡುಗನ ಮಾತಿನಲ್ಲಿ ಕೊಳಕು ಇರಲಿಲ್ಲ. ಅದು ಅವನಿಗೆ ಕಲಿಸಿದ ವಿದ್ಯೆ. ಆದರೆ ವಿಚಾರ ಮಾಡಿ, ಒಳಗಿನದನ್ನು ಯಾರು ನೋಡುತ್ತಾರೆಂದು ನಾವು ಕೇಳುತ್ತಲೇ ಇದ್ದೇವೆ, ಅತ್ತ ಮೇಲಿಂದ ಕೆಳಗೆ ನೋಡಿ ನಮ್ಮ ಅಳತೆ ಹೇಳುವವನು ಕೌಂಟರಿನ ಹಿಂದೆಯೇ ಇದ್ದಾನೆ!

ಇದಕ್ಕೆ ಪರಿಹಾರವಿಲ್ಲವೆಂದು ಹೇಳಬೇಡಿ. ನಮ್ಮೂರಿನ ಎಷ್ಟೋ ಮನೆಗಳ ಗಂಡಸರು ದುಡಿಯಲು ಹೋಗುವ ಸೌದಿ ಅರೇಬಿಯಾದಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಹೆಂಗಸು ಮೈ ಮುಚ್ಚಿ ಓಡಾಡಬೇಕಾಗಿದ್ದ ಊರು, ಒಳಉಡುಪು ಮಾರುವವರು ಮಾತ್ರ ಗಂಡಸರು. ಅದರಲ್ಲೂ ಹೆಚ್ಚಿನವರು ಏಷ್ಯಾದ ಬೇರೆ ದೇಶಗಳಿಂದ ಹೋದವರು. ಜೆದ್ದಾದ ಕಾಲೇಜು ಅಧ್ಯಾಪಕಿ ರೀಮ್ ಅಸಾದ್ ಮತ್ತು ಅವರ ಜೊತೆಗಾರ್ತಿಯರು ಅಂಥ ಅಂಗಡಿಗಳನ್ನು ಬಹಿಷ್ಕರಿಸಿ ಎಂದು ಕರೆಕೊಟ್ಟರು. 2011ರಲ್ಲಿ ದೊರೆಯ ಆಜ್ಞೆ ಬಂತು. 2012ರ ಜನವರಿಯಿಂದ ಅಲ್ಲಿ ಒಳಉಡುಪಿನ ಅಂಗಡಿಗಳಲ್ಲಿ ಹೆಂಗಸರೇ ಮಾರಬೇಕೆಂಬ ನಿಯಮ ಜಾರಿಗೆ ಬಂತು. ಅಷ್ಟು ಕಟ್ಟುಪಾಡಿನ ನಾಡಿನ ಹೆಂಗಸರು ಬಾಯಿಬಿಟ್ಟು ಕೇಳಿದ್ದನ್ನು ನಾವು, ಓದಿನಲ್ಲಿ ಮುಂದು, ಬುದ್ಧಿಯಲ್ಲಿ ಮುಂದು ಎಂದು ಬೀಗುವ ಮಂಗಳೂರಿನವರು, ಕೇಳಲಾರೆವೇ?

ಅಂಗಡಿಯವರ ವಾದ ನನಗೆ ಗೊತ್ತು. "ಇದು ಒಳಗಿನ ಬಟ್ಟೆ, ಹಾಕಿ ನೋಡಿ ವಾಪಸು ಇಟ್ಟರೆ ಇನ್ನೊಬ್ಬರು ಕೊಳ್ಳುತ್ತಾರಾ?" ಚಡ್ಡಿಯ ಮಟ್ಟಿಗೆ ಈ ಮಾತು ನ್ಯಾಯವೇ. ಬ್ರಾವನ್ನು ತೆಳುವಾದ ಶಿಮ್ಮಿಯ ಮೇಲೆ ಹಾಕಿ ನೋಡಬಹುದು. ಅದಕ್ಕೊಂದು ಬಾಗಿಲಿರುವ ಕೋಣೆ, ಒಂದು ಕನ್ನಡಿ, ಅಳೆಯಲು ತಿಳಿದ ಒಬ್ಬಳು ಹೆಂಗಸು, ಇಷ್ಟು ಸಾಕು. ಸೇಲ್ ಹೊತ್ತಿನಲ್ಲಿ ತೂಗುಹಾಕುವ "ಮಾರಿದ ಸರಕು ವಾಪಸಿಲ್ಲ" ಎಂಬ ಫಲಕಕ್ಕೂ ಹೆದರಬೇಕಾಗಿಲ್ಲ. ಹೊಲಿಗೆ ಬಿಟ್ಟ, ಕೊಕ್ಕೆ ಕಿತ್ತ ದೋಷದ ಮಾಲನ್ನು ವಾಪಸು ಪಡೆಯಲು ಒಪ್ಪದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಚಿತ ವ್ಯಾಪಾರ. ಬಿಲ್ಲಿನಲ್ಲಿ ಬೇರೆ ಅವಧಿ ಹೇಳಿರದಿದ್ದರೆ 30 ದಿನಗಳ ಕಾಲಾವಕಾಶವಿದೆ. ಬಿಲ್ಲು ಕೊಡದಿರುವುದೂ ಅನುಚಿತವೇ. ಆದರೆ ಅಳತೆ ಹೊಂದದಿರುವುದು ದೋಷವಲ್ಲ. ಆದ್ದರಿಂದ ಬದಲಿಸಿ ಕೊಡುತ್ತೀರಾ ಎಂದು ದುಡ್ಡು ಎಣಿಸುವ ಮುಂಚೆಯೇ ಕೇಳಬೇಕು. ಬಸ್ರೂರಿನ ಬಳಕೆದಾರರ ವೇದಿಕೆಯಂಥ ಸಂಸ್ಥೆಯನ್ನು ಕಟ್ಟಿದ ಕರಾವಳಿ ಇದು. ಮಿಕ್ಸಿ ಕೆಟ್ಟರೆ ದೂರು ಕೊಡಲು ಗೊತ್ತಿರುವ ನಮಗೆ ಬ್ರಾದ ಹೊಲಿಗೆ ಬಿಟ್ಟರೆ ಬಾಯಿ ಕಟ್ಟಿಹೋಗುವುದೇಕೆ? ಹೊಲಿಗೆ ಬಿಟ್ಟದ್ದನ್ನು ಕೌಂಟರಿನ ಮೇಲೆ ಬಿಡಿಸಿ ತೋರಿಸಲು ನಾಚಿಕೆ. ಆ ನಾಚಿಕೆಯನ್ನು ನಂಬಿಕೊಂಡೇ ಪೆಟ್ಟಿಗೆ ತುಂಬುತ್ತಾರೆ.

ಇನ್ನೊಂದು ಕಡೆಯಿಂದಲೂ ಆಕ್ಷೇಪ ಬರುತ್ತದೆ, ನಮ್ಮ ಕಡೆಯಿಂದಲೇ. "ಒಳಗೆ ಹಾಕಲು ಡಿಸೈನರ್ ಬೇರೆ! ಯಾರಿಗೆ ತೋರಿಸಲು?" ಎಂದು ಚಿಕ್ಕ ಪ್ರಾಯದ ಹುಡುಗಿಯರನ್ನು ಚುಚ್ಚುವ ಹಿರಿಯಕ್ಕಂದಿರು ಬೇಕಾದಷ್ಟಿದ್ದಾರೆ. ತಿಂಗಳ ಸಂಬಳದಲ್ಲಿ ಮನೆಗೆ ಕೊಟ್ಟು, ಬಸ್ಸಿಗೆ ಕೊಟ್ಟು, ಉಳಿದದ್ದರಲ್ಲಿ ಅವಳು ತನಗಾಗಿ ಒಂದು ಚೆಂದದ ಬಟ್ಟೆ ಕೊಂಡರೆ, ಅದನ್ನು ಯಾರಿಗೂ ತೋರಿಸದೆ ಒಳಗೇ ಉಟ್ಟು ಸಂತೋಷಪಟ್ಟರೆ, ಅದರಲ್ಲಿ ಕೆಟ್ಟದ್ದೇನಿದೆ? ತನ್ನಿಚ್ಛೆ ಎಂಬುದು ಊಟದ ಎಲೆಯ ಆಚೆಗೂ ಸ್ವಲ್ಪ ಹಬ್ಬಲಿ ಬಿಡಿ. ಅವಳಿಗೆ ನಾನು ಹೇಳುವುದಿಷ್ಟೇ: ಮಂಗಳೂರಿನ ಸೆಕೆಗೆ ನೈಲಾನ್ ಲೇಸು ದಿನವಿಡೀ ಒಗ್ಗುವುದಿಲ್ಲ, ಒಳಬದಿಗೆ ಹತ್ತಿ ಇದೆಯೇ ಎಂದು ತಿರುಗಿಸಿ ನೋಡು.

ರಿಯಾಯಿತಿಯೇ ಬೇಡವೆಂದು ನಾನು ವಾದಿಸುತ್ತಿಲ್ಲ. ನಮ್ಮಂಥ ಸಂಬಳದ ಮನೆಗಳಿಗೆ ಉಳಿಸಿದ ನೂರು ರೂಪಾಯಿ ನೂರೇ. ಆದರೆ ಅಗ್ಗದ ಲೆಕ್ಕದಲ್ಲಿ ಕಾಣದ ಸಾಲೊಂದಿದೆ. ಒಂದು ಬ್ರಾದಲ್ಲಿ ಇಪ್ಪತ್ತಕ್ಕೂ ಹೆಚ್ಚು ತುಂಡುಗಳಿರುತ್ತವೆ. ಅವನ್ನು ಜೋಡಿಸಿ ಹೊಲಿಯುವ ಕೈಗಳು ಹೆಚ್ಚಾಗಿ ಹೆಂಗಸರವು. ಬಟ್ಟೆ ಕಾರ್ಖಾನೆಯವರು ಎಂದರೆ ಯಾರೆಂದು ನೆನಪಾಗಬೇಕಾದರೆ 2016ರ ಏಪ್ರಿಲನ್ನು ನೆನೆಯಿರಿ. ಭವಿಷ್ಯನಿಧಿಯಲ್ಲಿ ಮಾಲಿಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮದ ವಿರುದ್ಧ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಎರಡು ದಿನ ರಸ್ತೆಗಿಳಿದರು. ಎರಡನೇ ದಿನವೇ ಸರಕಾರ ನಿಯಮ ಹಿಂದೆಗೆದುಕೊಂಡಿತು. ಅಷ್ಟು ವಯಸ್ಸಿನವರೆಗೆ ಆ ಕೆಲಸದಲ್ಲಿ ಉಳಿಯುವವರು ಎಷ್ಟು ಜನವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಇತ್ತ ನಮಗೆ ಮಾರುವ ಹುಡುಗಿ ಬೆಳಗ್ಗೆ ಸರ್ವಿಸ್ ಬಸ್ಸಿನಲ್ಲಿ ಬಂದು ರಾತ್ರಿಯವರೆಗೆ ನಿಂತೇ ಇರುತ್ತಾಳೆ. ತಲಪಾಡಿ ದಾಟಿದರೆ ಸಿಗುವ ಕೇರಳದಲ್ಲಿ, ಕೋಝಿಕ್ಕೋಡಿನ ಬಟ್ಟೆ ಅಂಗಡಿಗಳ ಹೆಂಗಸರು ವಿಜಿ ಅವರ ಮುಂದಾಳ್ತನದಲ್ಲಿ ಕೂರುವ ಹಕ್ಕಿಗೆಂದೇ ಹೋರಾಡಿದರು. 2018ರಲ್ಲಿ ಅಲ್ಲಿನ ಸರಕಾರ ಕಾಯಿದೆ ತಿದ್ದಿತು. ಅಳತೆ ಟೇಪು ಕೇಳುವಾಗ ಅವಳಿಗೊಂದು ಸ್ಟೂಲನ್ನೂ ಕೇಳಿದರೆ ನಮ್ಮ ಗಂಟೇನೂ ಹೋಗದು.

ಕೊನೆಗೆ ಮನೆಯ ಮಾತು. ಇಷ್ಟೆಲ್ಲ ಮಾಡಿ ತಂದದ್ದನ್ನು ಒಗೆದು ನಾವು ಒಣಗಿಸುವುದೆಲ್ಲಿ? ಲಂಗದ ಅಡಿಯಲ್ಲಿ, ಬೈರಾಸಿನ ಮರೆಯಲ್ಲಿ, ಬಚ್ಚಲುಮನೆಯ ಕತ್ತಲಲ್ಲಿ. ಗಂಡಸರ ಬನಿಯನು ಚಡ್ಡಿಗಳು ಅಂಗಳದ ಹಗ್ಗದಲ್ಲಿ ಬಾವುಟದ ಹಾಗೆ ಹಾರುತ್ತಿರುತ್ತವೆ! ಮಳೆಗಾಲದ ಮಂಗಳೂರಿನಲ್ಲಿ ಬಿಸಿಲೇ ಅಪರೂಪ. ಬಂದ ಎರಡು ಗಳಿಗೆಯ ಬಿಸಿಲೂ ನಮ್ಮ ಬಟ್ಟೆಗಿಲ್ಲ. ಹಸಿ ಆರದ್ದನ್ನು ಹಾಗೆಯೇ ಏರಿಸಿಕೊಂಡು, ತುರಿಕೆ, ಬೂಸುರೋಗ ಬಂದಾಗ ಅದನ್ನೂ ಮುಚ್ಚಿಟ್ಟು, ತೀರ ತಡೆಯಲಾರದಾದಾಗ ಡಾಕ್ಟರ ಬಳಿ ಹೋಗಿ ತಲೆ ತಗ್ಗಿಸಿ ಕೂರುತ್ತೇವೆ. ಅಂಗಡಿಯ ಕಪ್ಪು ತೊಟ್ಟೆ ಮನೆಗೆ ಬಂದ ಮೇಲೂ ನಮ್ಮನ್ನು ಬಿಟ್ಟಿಲ್ಲ ಎಂದಾಯಿತು.

ಆದ್ದರಿಂದ ಮುಂದಿನ ಆಟಿಗೆ ಸೇಲ್‌ಗೆ ಹೋಗಿ, ಖಂಡಿತ ಹೋಗಿ. ಹೋಗುವ ಮುಂಚೆ ಮನೆಯಲ್ಲೇ ಟೇಪು ಹಿಡಿದು ಅಳತೆ ಬರೆದುಕೊಳ್ಳಿ. ಬೆಳೆದ ಮಗಳಿದ್ದರೆ ಅವಳನ್ನೂ ಕರೆದುಕೊಂಡು ಹೋಗಿ. ಪೆಟ್ಟಿಗೆಯ ಮುಂದೆ ಬಗ್ಗಿ ಹುಡುಕುವ ಬದಲು, ಸೀರೆಯ ಕೌಂಟರಿನಲ್ಲಿ ಕೇಳುವ ಅದೇ ಗಂಟಲಿನಲ್ಲಿ ನಿಮ್ಮ ಅಳತೆ ಹೇಳಿ, ಹಾಕಿ ನೋಡುವ ಕೋಣೆ ಎಲ್ಲಿದೆ ಎಂದು ಕೇಳಿ. ಇಲ್ಲವೆಂದರೆ, ಸೀರೆ ಬಿಟ್ಟು ಎದ್ದು ಬಂದ ಹಾಗೆಯೇ ಎದ್ದು ಬನ್ನಿ. ನಾಲ್ಕು ಜನ ಹೀಗೆ ಬರಿಗೈಯಲ್ಲಿ ಹೊರಟರೆ ಐದನೆಯವಳಿಗೆ ಕೋಣೆಯೂ ಸಿಗುತ್ತದೆ, ಕನ್ನಡಿಯೂ ಸಿಗುತ್ತದೆ. ವ್ಯಾಪಾರಿಗೆ ನಮ್ಮ ನಾಚಿಕೆಗಿಂತ ನಮ್ಮ ದುಡ್ಡು ಮುಖ್ಯ.