ಸಾಂದ್ರತೆಯ ಅಂಕಿಯನ್ನು ಮೊದಲು ನೀರಿನೊಡನೆ ಹೋಲಿಸಿ

ಹಾಸಿಗೆ ವ್ಯಾಪಾರದಲ್ಲಿ ‘32 ಡೆನ್ಸಿಟಿ’ ಫೋಮ್ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. 32 ಏನು ಎಂದು ಯಾರೂ ಕೇಳುವುದಿಲ್ಲ. ಅದು ಘನ ಮೀಟರಿಗೆ 32 ಕಿಲೋಗ್ರಾಂ. ಇದೇ ಸರಕನ್ನು ಅಮೆರಿಕದ ಖರೀದಿದಾರನು ‘2 ಪೌಂಡಿನ ಫೋಮ್’ ಎನ್ನುತ್ತಾನೆ. ಎಂದರೆ ಘನ ಅಡಿಗೆ 2 ಪೌಂಡು. ಘನ ಅಡಿಗೆ ಒಂದು ಪೌಂಡು ಎಂಬುದು ಘನ ಮೀಟರಿಗೆ 16.02 ಕಿಲೋಗ್ರಾಂಗೆ ಸಮವಾದುದರಿಂದ ಎರಡೂ ಒಂದೇ. ಏಕಮಾನವನ್ನು ನುಂಗಿ ಅಂಕಿಯನ್ನಷ್ಟೇ ಹೇಳುವ ಈ ರೂಢಿ ಪೇಟೆಯೊಳಗೆ ನಡೆದೀತು. ಸರಕು ಸಮುದ್ರ ದಾಟುವಾಗ ನಡೆಯದು.

ನಮ್ಮ ದೇಶದಲ್ಲಿ ಮೆಟ್ರಿಕ್ ತೂಕ 1958ರ ಅಕ್ಟೋಬರ್ 1ರಿಂದ ಜಾರಿಗೆ ಬರತೊಡಗಿತು. ಸೇರು, ಮಣಗಳು ಹಿಂದೆ ಸರಿದವು. ಆದರೆ ಬೆಳಗಾವಿಯ ಫೌಂಡ್ರಿಗಳಂತಹ ರಫ್ತು ಘಟಕಗಳಿಗೆ ಅಮೆರಿಕದಿಂದ ಬರುವ ನಕ್ಷೆ, ಆದೇಶಗಳಲ್ಲಿ ಪೌಂಡು, ಅಂಗುಲ, ಗ್ಯಾಲನ್‌ಗಳು ಇಂದಿಗೂ ಕಾಣಸಿಗುತ್ತವೆ. ಪರಿವರ್ತನೆಯ ಕೆಲಸವನ್ನು ನಾವು ಕಂಪ್ಯೂಟರಿನ ಮುಂದೆ ಕುಳಿತ ಹುಡುಗನಿಗೆ ಒಪ್ಪಿಸಿ ನಿಶ್ಚಿಂತರಾಗಿದ್ದೇವೆ.

ಇದರ ಅಪಾಯಕ್ಕೆ 1983ರ ಜುಲೈ 23ರ ಘಟನೆಗಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಕೆನಡಾ ಮೆಟ್ರಿಕ್ ಪದ್ಧತಿಗೆ ಬದಲಾಗುತ್ತಿದ್ದ ಕಾಲ. ಮಾಂಟ್ರಿಯಲ್‌ನಿಂದ ಎಡ್ಮಂಟನ್ನಿಗೆ ಹೊರಟ ಏರ್ ಕೆನಡಾದ ಬೋಯಿಂಗ್ 767 ವಿಮಾನದ ಇಂಧನ ಮಾಪಕ ಕೆಟ್ಟಿತ್ತು. ಅಳತೆ ಕಡ್ಡಿಯಿಂದ ನೋಡಿದಾಗ ಟ್ಯಾಂಕಿನಲ್ಲಿ 7,682 ಲೀಟರ್ ಇತ್ತು. ಬೇಕಾಗಿದ್ದುದು 22,300 ಕಿಲೋಗ್ರಾಂ. ಲೀಟರಿಗೆ ಸುಮಾರು 0.8 ಕಿಲೋಗ್ರಾಂ ಎಂದು ಗುಣಿಸಬೇಕಾದಲ್ಲಿ 1.77ರಿಂದ ಗುಣಿಸಿದರು. ಅದು ಲೀಟರಿಗೆ ಪೌಂಡಿನ ಅಂಕಿ. ಸುಮಾರು 20,000 ಲೀಟರ್ ತುಂಬಬೇಕಾದ ಕಡೆ 4,917 ಲೀಟರ್ ಮಾತ್ರ ತುಂಬಿತು. ಮಾರ್ಗಮಧ್ಯದಲ್ಲಿ, 41,000 ಅಡಿ ಎತ್ತರದಲ್ಲಿ ಇಂಧನ ಮುಗಿಯತೊಡಗಿ ಎರಡೂ ಎಂಜಿನ್‌ಗಳು ಒಂದರ ಹಿಂದೊಂದು ನಿಂತವು. ಪೈಲಟ್‌ಗಳು ವಿಮಾನವನ್ನು ತೇಲಿಸಿಕೊಂಡು ಬಂದು ಗಿಮ್ಲಿಯ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಒಳಗಿದ್ದ 69 ಮಂದಿಯೂ ಉಳಿದರು.

ಗಮನಿಸಬೇಕಾದ ಅಂಶವೆಂದರೆ, ಅಲ್ಲಿ ಗುಣಾಕಾರ ತಪ್ಪಿರಲಿಲ್ಲ; ಎಷ್ಟು ಬಾರಿ ಮಾಡಿದರೂ ಅದೇ ಉತ್ತರ ಬರುತ್ತಿತ್ತು. ತಪ್ಪಿದ್ದುದು ಅಂಕಿಯ ಹಿಂದಿನ ಏಕಮಾನ. ಲೀಟರಿಗೆ 1.77 ಕಿಲೋಗ್ರಾಂ ತೂಗುವ ಇಂಧನ ನೀರಿನಲ್ಲಿ ಕಲ್ಲಿನಂತೆ ಮುಳುಗಬೇಕು. ಸೀಮೆಎಣ್ಣೆ ನೀರಿನ ಮೇಲೆ ತೇಲುವುದನ್ನು ಕಂಡ ಯಾವ ಗೃಹಿಣಿಯಾದರೂ ಈ ಅಂಕಿಯನ್ನು ಒಪ್ಪುತ್ತಿರಲಿಲ್ಲ.

ಆದುದರಿಂದ ಪರಿವರ್ತನೆಯ ಪಟ್ಟಿಗಿಂತ ಮೊದಲು ನೀರಿನ ಅಂಕಿಗಳನ್ನು ಗೋಡೆಗೆ ಬರೆದಿಡುವುದು ಲೇಸು. ಘನ ಸೆಂಟಿಮೀಟರಿಗೆ 1 ಗ್ರಾಂ, ಘನ ಮೀಟರಿಗೆ 1,000 ಕಿಲೋಗ್ರಾಂ, ಘನ ಅಡಿಗೆ 62.4 ಪೌಂಡು, ಘನ ಅಂಗುಲಕ್ಕೆ 0.0361 ಪೌಂಡು. ನಕ್ಷೆಯಲ್ಲಿ ಬಂದ ಅಂಕಿಯನ್ನು ಅದೇ ಏಕಮಾನದ ನೀರಿನ ಅಂಕಿಯಿಂದ ಭಾಗಿಸಿದರೆ ಸರಕು ನೀರಿಗಿಂತ ಎಷ್ಟು ಪಟ್ಟು ಭಾರವೆಂಬುದು ದೊರೆಯುತ್ತದೆ. ಎರಕದ ಕಬ್ಬಿಣಕ್ಕೆ 0.26 ಎಂದಿದ್ದರೆ 7.2 ಬರುತ್ತದೆ, ಸರಿ. 2.6 ಬಂದರೆ ಎಲ್ಲೋ ಎಡವಿದ್ದೇವೆ.

ಗ್ಯಾಲನ್ ಇನ್ನೂ ಮೋಸದ ಅಳತೆ. ನೀರು ಅಮೆರಿಕದ ಗ್ಯಾಲನ್ನಿಗೆ 8.34 ಪೌಂಡು, ಬ್ರಿಟಿಷ್ ಗ್ಯಾಲನ್ನಿಗೆ 10.02 ಪೌಂಡು ತೂಗುತ್ತದೆ. ಬಣ್ಣವನ್ನೋ ರಾಳವನ್ನೋ ‘ಗ್ಯಾಲನ್ನಿಗೆ 9 ಪೌಂಡು’ ಎಂದು ಬರೆದಿದ್ದರೆ, ಮೊದಲನೆಯ ಲೆಕ್ಕದಲ್ಲಿ ಅದು ನೀರಿಗಿಂತ ಭಾರ, ಎರಡನೆಯದರಲ್ಲಿ ಹಗುರ!

ನೀರಿನ ಪರೀಕ್ಷೆ ದೊಡ್ಡ ತಪ್ಪನ್ನು ಹಿಡಿಯುತ್ತದೆ, ಚಿಕ್ಕದನ್ನು ಹಿಡಿಯದು. ಉಕ್ಕಿನ ಸಾಂದ್ರತೆ ಘನ ಮೀಟರಿಗೆ 7,850 ಕಿಲೋಗ್ರಾಂ, ಅಂದರೆ ಘನ ಅಂಗುಲಕ್ಕೆ 0.2836 ಪೌಂಡು. ಇದನ್ನು 0.28 ಎಂದು ಮೊಟಕುಗೊಳಿಸುವವರಿದ್ದಾರೆ. ಆಗ ತೂಕ ನೂರಕ್ಕೆ 1.3ರಷ್ಟು ಕಡಿಮೆ ತೋರುತ್ತದೆ. ಲೆಕ್ಕದ ತೂಕದ ಮೇಲೆ ನಗಕ್ಕಿಷ್ಟು ಎಂದು ದರ ಕೊಟ್ಟ ತಯಾರಕನು 20 ಟನ್ ಸರಕಿನಲ್ಲಿ ಸುಮಾರು 250 ಕಿಲೋ ಉಕ್ಕನ್ನು ಬಿಟ್ಟಿಯಾಗಿ ಕಳುಹಿಸಿದಂತಾಗುತ್ತದೆ. 2016ರ ಜುಲೈ 1ರಿಂದ ಹಡಗಿಗೇರುವ ಪ್ರತಿ ಕಂಟೇನರಿನ ಒಟ್ಟು ತೂಕವನ್ನು ತೂಗಿಯೇ ದೃಢೀಕರಿಸಬೇಕೆಂಬ ಅಂತರರಾಷ್ಟ್ರೀಯ ನಿಯಮವಿರುವುದರಿಂದ, ಈ ಅಂತರ ಬಂದರಿನ ಕಾಗದಗಳಲ್ಲೂ ಬಯಲಾಗುತ್ತದೆ. ಆ ಹೊತ್ತಿಗೆ ದರ ಬದಲಿಸಲು ಅವಕಾಶವಿರುವುದಿಲ್ಲ.

ದರಪಟ್ಟಿಯಲ್ಲಿ ಖರೀದಿದಾರನು ಕೊಟ್ಟ ಮೂಲ ಅಂಕಿಯನ್ನೂ ನಾವು ಪರಿವರ್ತಿಸಿದ ಅಂಕಿಯನ್ನೂ ಏಕಮಾನ ಸಹಿತ ಅಕ್ಕಪಕ್ಕದಲ್ಲಿ ಬರೆಯಬೇಕು. ದ್ರವವಾದರೆ ಉಷ್ಣಾಂಶವನ್ನೂ ಸೇರಿಸಬೇಕು. ನಕ್ಷೆಯಲ್ಲಿ ಏಕಮಾನವೇ ಇಲ್ಲದಿದ್ದರೆ ಊಹಿಸದೆ ಬರೆದು ಕೇಳಬೇಕು. ಕೇಳಿದರೆ ಅಜ್ಞಾನ ಬಯಲಾಗಿ ಆದೇಶ ಕೈತಪ್ಪೀತೆಂಬ ಅಳುಕು ನಮ್ಮ ಸಣ್ಣ ಉದ್ದಿಮೆದಾರರಲ್ಲಿ ಬಹಳ. ‘ಇದು ಅಮೆರಿಕದ ಗ್ಯಾಲನ್ನೋ, ಬ್ರಿಟಿಷರದೋ?’ ಎಂದು ಕೇಳಿದವನಿಗೆ ಆದೇಶ ನಿರಾಕರಿಸುವ ಖರೀದಿದಾರನೊಡನೆ ವ್ಯವಹಾರ ಬೇಡವೆಂದೇ ನನ್ನ ಅಭಿಪ್ರಾಯ.