ಭರಣಿ ಮಳೆಗೆ ಮುನ್ನ ಹಗ್ಗ ನೋಡಿ

ಮಾರ್ಚ್ ಬಿಸಿಲು ಏರುತ್ತಿದೆ. ಇನ್ನು ಕೆಲವೇ ವಾರಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮೋಡ ಕಟ್ಟತೊಡಗುತ್ತದೆ. ಮಳೆಗಿಂತ ಮೊದಲೇ ಗಾಳಿ ನುಗ್ಗುತ್ತದೆ. ಬೆಂಗಳೂರಿನಲ್ಲಿ ಆ ಗಾಳಿಗೆ ಉರುಳಿದ ಮರಗಳ ಲೆಕ್ಕ ಮರುದಿನದ ಪತ್ರಿಕೆಯಲ್ಲಿ ಸಿಗುತ್ತದೆ. ಜಕ್ಕೂರು, ಮೈಸೂರು, ಬೆಳಗಾವಿ, ಕಲಬುರಗಿಯಂಥ ಕಡೆ ಹ್ಯಾಂಗರಿನ ಹೊರಗೆ ನಿಲ್ಲುವ ತರಬೇತಿ ವಿಮಾನಗಳ ಮಾತನ್ನು ಈಗಲೇ ಆಡಬೇಕು.

ಎಂಜಿನ್ ಆರಿದರೂ ರೆಕ್ಕೆಯ ಕೆಲಸ ನಿಲ್ಲುವುದಿಲ್ಲ. ಎದುರಿನಿಂದ ಗಾಳಿ ಬಂದರೆ ಅದು ಎತ್ತಿಯೇ ಎತ್ತುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಎತ್ತುವ ಬಲ ನಾಲ್ಕು ಪಟ್ಟಾಗುತ್ತದೆ. ತರಬೇತಿ ವಿಮಾನ ಸೆಸ್ನಾ 152 ತುಂಬಿದಾಗ ಸುಮಾರು 750 ಕಿಲೋ. ಗಂಟೆಗೆ 80 ಕಿಲೋಮೀಟರಿನ ಆಸುಪಾಸಿನಲ್ಲೇ ಅದರ ರೆಕ್ಕೆ ಅಷ್ಟೂ ಭಾರ ಹೊರಬಲ್ಲದು. ಸಂಜೆ ಖಾಲಿ ನಿಂತಾಗ ಅದರ ತೂಕ ಅರ್ಧ ಟನ್ನಿನಷ್ಟು. ಹವಾಮಾನ ಇಲಾಖೆ 50–60 ಕಿಲೋಮೀಟರ್ ಗಾಳಿ ಎಂದ ದಿನ, ಮೂತಿ ತುಸು ಮೇಲೆದ್ದರೂ ಚಕ್ರ ನೆಲ ಬಿಡುವ ಅಪಾಯ ದೂರವೇನಿಲ್ಲ.

2011ರ ಮಾರ್ಚ್ 31ರಂದು ಅಮೆರಿಕದ ಫ್ಲೋರಿಡಾದ ಲೇಕ್‌ಲ್ಯಾಂಡ್‌ನಲ್ಲಿ ವಿಮಾನ ಮೇಳಕ್ಕೆ ಬಂದಿದ್ದ ಹತ್ತಾರು ಪುಟ್ಟ ವಿಮಾನಗಳು ಒಂದೇ ಬಿರುಗಾಳಿಗೆ ಜಖಂಗೊಂಡವು. ಕಟ್ಟಿದ್ದ ವಿಮಾನಗಳೂ ಗೂಟ ಕಿತ್ತುಕೊಂಡು ಮಗುಚಿದವು. ಹಗ್ಗ ಗಟ್ಟಿಯಿದ್ದರೆ ಸಾಲದು, ಅದು ಹಿಡಿದುಕೊಂಡ ನೆಲವೂ ಗಟ್ಟಿಯಿರಬೇಕು. ಹಗ್ಗದಲ್ಲೂ ಭೇದವಿದೆ: ನಾರಿನ ಹಗ್ಗ ನೆನೆದರೆ ಕುಗ್ಗಿ ರೆಕ್ಕೆಯನ್ನು ಜಗ್ಗುತ್ತದೆ, ಬಿಸಿಲುಂಡ ನೈಲಾನ್ ನೋಡಲು ಚೆನ್ನಾಗಿದ್ದರೂ ಸೋತಿರಬಹುದು. ತೀರಾ ಸಡಿಲ ಬಿಟ್ಟರೆ ಪ್ರತಿ ಬೀಸಿಗೂ ಎಳೆದಾಟ.

ನನ್ನನ್ನು ಹೆಚ್ಚು ಕಾಡುವುದು ಮಗುಚಿದ ವಿಮಾನವಲ್ಲ, ಮಗುಚದೆ ಉಳಿದದ್ದು. ರೂಢಿಯ ಗಾಳಿಗೆ ಮುಖ ಮಾಡಿ ನಿಲ್ಲಿಸಿರುತ್ತೇವೆ. ಗುಡುಗು ಮೋಡದ ಗಾಳಿ ಬೆನ್ನ ಹಿಂದಿನಿಂದ ಬಂದೀತು. ಆಗ ಲಾಕ್ ಹಾಕದ ಎಲಿವೇಟರ್, ರಡ್ಡರ್, ಐಲೆರಾನ್‌ಗಳು, ಅಂದರೆ ಬಾಲ ಮತ್ತು ರೆಕ್ಕೆಯ ಅಂಚಿನಲ್ಲಿ ಆಡುವ ಹಲಗೆಗಳು, ಬಾಗಿಲು ಬಡಿದಂತೆ ಬಡಿದುಕೊಳ್ಳುತ್ತವೆ. ಕೀಲು ಸಣ್ಣಗೆ ಬಿರುಕು ಬಿಡುತ್ತದೆ, ಕೇಬಲ್ ಸಡಿಲಾಗುತ್ತದೆ. ಬೆಳಿಗ್ಗೆ ಆಕಾಶ ತೊಳೆದಂತಿರುತ್ತದೆ. ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ಒಂಟಿಯಾಗಿ ಅದೇ ವಿಮಾನದಲ್ಲಿ ಹಾರಲು ಬರುತ್ತಾಳೆ. ರಾತ್ರಿ ಗಾಳಿಗೆ ಸಿಕ್ಕಿದ ವಿಮಾನವನ್ನು ಎಂಜಿನಿಯರ್ ಕೈಯಿಟ್ಟು ನೋಡುವವರೆಗೆ ಯಾರೂ ಹಾರಿಸಕೂಡದು. ತರಗತಿ ಎಷ್ಟೇ ಹಿಂದೆ ಬಿದ್ದಿರಲಿ.

ಹವಾಮಾನ ಇಲಾಖೆ ಮುಂದಿನ ಮೂರು ಗಂಟೆಗಳ ಸಿಡಿಲು-ಗಾಳಿಯ ಮುನ್ಸೂಚನೆ ಕೊಡುತ್ತಿದೆ. ಅದು ಕಚೇರಿಯ ಫೋನಿನಲ್ಲೇ ಉಳಿಯದೆ, ಹಗ್ಗ ಕಟ್ಟುವ ಸಹಾಯಕನ ಕೈಗೂ ತಲುಪಬೇಕು. ತಂಪುಗಾಳಿ ಮಳೆಗಿಂತ ಹಲವು ಕಿಲೋಮೀಟರ್ ಮುಂದೆ ಓಡುತ್ತದೆ. ದೂಳಿನ ಗೋಡೆ ಕಂಡ ಮೇಲೆ ಉಳಿಯುವುದು ಕೆಲವೇ ನಿಮಿಷ. ಆಗ ಬಯಲಲ್ಲಿ ಹಗ್ಗ ಹಿಡಿದು ಓಡುವವನಿಗೆ ಸಿಡಿಲಿನ ಭಯವೂ ಇದೆ. ಆದ್ದರಿಂದ ಮಧ್ಯಾಹ್ನ ಮೂರಕ್ಕೆ ಹಾರಾಟ ನಿಲ್ಲಿಸಿ, ಎಲ್ಲವನ್ನೂ ಕಟ್ಟಿ ಎನ್ನುವ ಅಧಿಕಾರ ಯಾರದೆಂದು ಪ್ರತಿ ತರಬೇತಿ ಶಾಲೆಯೂ ಹೆಸರು ಬರೆದು ಗೋಡೆಗೆ ಹಚ್ಚಲಿ.

ಭರಣಿಗೂ ಮುಂಚಿನ ಅಶ್ವಿನಿ ಮಳೆ ಹುಟ್ಟುವುದು ಏಪ್ರಿಲ್ ನಡುವಿನಲ್ಲಿ. ಹಗ್ಗ ಬದಲಿಸಲು, ಹಗ್ಗ ಬಿಗಿಯುವ ನೆಲದ ಬಳೆಗಳನ್ನು ಒಂದೊಂದಾಗಿ ಎಳೆದು ನೋಡಲು ಅಲ್ಲಿಯವರೆಗೆ ಸಮಯವಿದೆ.