ಕಾರ್ಬುರೇಟರ್ ಗುಜರಿಗೆ ಹಾಕೋ ಮುಂಚೆ

'ಕಾರ್ಬುರೇಟರ್ ಹೋಗಿದೆ ಸರ್, ಹೊಸದು ಹಾಕ್ಬಿಡೋಣ.' ಹಳೇ ಯೆಜ್ಡಿ, ಆರ್‌ಎಕ್ಸ್ 100 ಇಟ್ಕೊಂಡವರೆಲ್ಲ ಕೇಳಿರೋ ಮಾತಿದು. ಏನ್ರೀ ಹೋಗಿರೋದು? ಐಡ್ಲಿಂಗ್ ನಿಲ್ತಿಲ್ಲ ಅಂದ್ರೆ ಪೈಲಟ್ ಜೆಟ್ಟಿನ ಸಣ್ಣ ತೂತು ಕಟ್ಟಿರಬಹುದು. ಕ್ಲೀನರ್ ಹೊಡೆದು ಗಾಳಿ ಬಿಟ್ಟು ನೋಡಿ. ತಂತಿ ಮಾತ್ರ ತೂರಿಸಬೇಡಿ. ಹಿತ್ತಾಳೆ ಮೆತ್ತಗೆ, ತೂತು ದೊಡ್ಡದಾದ್ರೆ ಗಾಡಿ ಪೆಟ್ರೋಲ್ ಕುಡಿಯುತ್ತೆ. ಸೋರ್ತಿದ್ರೆ ಫ್ಲೋಟ್ ಸೂಜಿ ನೋಡಿ. ಸ್ಲೈಡು, ಬಾಡಿ ಎರಡೂ ಸವೆದು ಲೊಡಲೊಡ ಅಂತಿದ್ರೆ ಆಮೇಲೆ ಹೊಸದರ ಮಾತು.

ನಮ್ಮೂರಲ್ಲಿ ಪಂಪ್‌ಸೆಟ್ ಕೆಟ್ರೆ ಮೊದಲು ಬಿಚ್ತಿದ್ರು. ಇಲ್ಲಿ ಬಿಚ್ಚೋಕೆ ಮೊದಲೇ ಬಿಲ್ಲು! ಯೆಜ್ಡಿ ಮಾಡ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು. ಆ ಕಾಲದ ಒರಿಜಿನಲ್ ಕಿತ್ತೆಸೆದು, ಅಳತೆ ಕೂಡದ ನಕಲಿ ಕೂರಿಸೋದಕ್ಕೆ ರಿಪೇರಿ ಅನ್ನಬೇಕಾ? ಮುಂದಿನ ಸಲ, ಬಿಚ್ಚಿದ ಹಳೇದನ್ನ ನನ್ನ ಕೈಗೇ ಕೊಡಿ ಅಂತ ಕೇಳಿ.